17 ದಿನವೋ, 10 ದಿನವೋ: ನಾರ್ತ್ ಕೆರೊಲಿನಾದ ಮುಂಚಿತ ಮತದಾನದ ಜಗಳ

2013ರ ಜೂನ್ 25ರಂದು ಅಮೆರಿಕದ ಸುಪ್ರೀಂ ಕೋರ್ಟ್ ಶೆಲ್ಬಿ ಕೌಂಟಿ ಪ್ರಕರಣದ ತೀರ್ಪು ಕೊಟ್ಟಿತು. ನಾರ್ತ್ ಕೆರೊಲಿನಾ ರಾಜ್ಯದ ಸೆನೆಟ್‌ನಲ್ಲಿ ಆಗ ನಿಯಮ ಸಮಿತಿಯ ಅಧ್ಯಕ್ಷರಾಗಿದ್ದವರು ರಿಪಬ್ಲಿಕನ್ ಪಕ್ಷದ ಟಾಮ್ ಅಪೊಡಾಕಾ. ಅವತ್ತೇ ಅವರು ಸುದ್ದಿಗಾರರಿಗೆ ಹೇಳಿದ್ದು ಇಷ್ಟು: ಇನ್ನು (ಚುನಾವಣಾ ನಿಯಮಗಳ) ಪೂರ್ತಿ ಮಸೂದೆಯನ್ನೇ ತರಬಹುದು. ಮುಂದಿನ ನಾಲ್ಕು ವರ್ಷ ಕೋರ್ಟುಗಳಲ್ಲಿ ನಡೆದ ವಾದವೆಲ್ಲ ಈ ಮಾತಿನ ಸುತ್ತಲೇ ತಿರುಗಿತು. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1965ರ ಮತದಾನ ಹಕ್ಕು ಕಾಯ್ದೆ ಅಮೆರಿಕದ ಕೆಲವು ಪ್ರದೇಶಗಳ ಮೇಲೆ ಒಂದು ಕಟ್ಟು ಹಾಕಿತ್ತು. ಕಪ್ಪು ಜನರಿಗೆ ಮತ ಹಾಕಲು ಬಿಡದ ಇತಿಹಾಸ ಇರುವ ಕಡೆ, ಚುನಾವಣಾ ನಿಯಮ ಬದಲಿಸಬೇಕಾದರೆ ಮೊದಲು ಕೇಂದ್ರದ ನ್ಯಾಯ ಇಲಾಖೆಯ ಅಥವಾ ವಾಷಿಂಗ್ಟನ್ ಕೋರ್ಟಿನ ಒಪ್ಪಿಗೆ ಪಡೆಯಬೇಕಿತ್ತು. ನಾರ್ತ್ ಕೆರೊಲಿನಾದ 100 ಕೌಂಟಿಗಳಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥ ಭಾಗ) 40 ಈ ಕಟ್ಟಿಗೆ ಒಳಪಟ್ಟಿದ್ದವು. ಶೆಲ್ಬಿ ತೀರ್ಪಿನಿಂದ ಅದು ಹೋಯಿತು. ಅಲ್ಲಿಯವರೆಗೆ ಎಚ್‌ಬಿ 589 ಅನ್ನೋ ಮಸೂದೆ ಮುಖ್ಯವಾಗಿ ಮತದಾರರ ಫೋಟೊ ಗುರುತಿನ ಚೀಟಿಗೆ ಸಂಬಂಧಿಸಿದ್ದು. ಏಪ್ರಿಲ್‌ನಲ್ಲಿ ಕೆಳಮನೆ ಅದನ್ನು ಪಾಸು ಮಾಡಿತ್ತು. 16 ಪುಟ ಇದ್ದ ಆ ಮಸೂದೆ ಸೆನೆಟ್‌ನಿಂದ ಹೊರಬರುವಾಗ 57 ಪುಟ ಆಗಿತ್ತು. ಜುಲೈ 25ಕ್ಕೆ, ಅಂದರೆ ತೀರ್ಪು ಬಂದ ಸರಿಯಾಗಿ ಒಂದು ತಿಂಗಳಿಗೆ, ಎರಡೂ ಮನೆಗಳಲ್ಲಿ ಅದು ಅಂಗೀಕಾರವಾಯಿತು. ಒಬ್ಬ ಕಪ್ಪು ಶಾಸಕರೂ ಪರವಾಗಿ ಮತ ಹಾಕಲಿಲ್ಲ. ಆಗಸ್ಟ್ 12ರಂದು ಗವರ್ನರ್ ಪ್ಯಾಟ್ ಮೆಕ್ರೋರಿ ಸಹಿ ಹಾಕಿದರು.

ಮಸೂದೆಗೆ ಸೇರಿಕೊಂಡಿದ್ದು ಏನೇನು? ಮುಂಚಿತ ಮತದಾನ, ಅಂದರೆ ಚುನಾವಣೆಯ ದಿನಕ್ಕೆ ಮೊದಲೇ ಹೋಗಿ ಮತ ಹಾಕುವ ಅವಧಿ, 17 ದಿನದಿಂದ 10 ದಿನಕ್ಕೆ ಇಳಿಯಿತು. ಒಂದೇ ದಿನ ಹೆಸರು ನೋಂದಾಯಿಸಿ ಅಲ್ಲೇ ಮತ ಹಾಕುವ ಸೌಲಭ್ಯ ಹೋಯಿತು. ತನ್ನದಲ್ಲದ ಮತಗಟ್ಟೆಗೆ ಹೋದವರ ಮತ ಎಣಿಕೆಗೆ ಬರುವುದು ನಿಂತಿತು. 16–17 ವಯಸ್ಸಿನ ಮಕ್ಕಳ ಹೆಸರನ್ನು ಮೊದಲೇ ಬರೆದಿಡುವ ಏರ್ಪಾಡು ರದ್ದಾಯಿತು. ಗುರುತಿನ ಚೀಟಿಯ ನಿಯಮ ಬಿಗಿಯಾಯಿತು, ವಿದ್ಯಾರ್ಥಿಗಳ ಕಾಲೇಜ್ ಐಡಿ ಅದರಲ್ಲಿ ಲೆಕ್ಕಕ್ಕಿಲ್ಲ. ಇವುಗಳಲ್ಲಿ ಜಾಸ್ತಿ ಸದ್ದು ಮಾಡಿದ್ದು ಗುರುತಿನ ಚೀಟಿ. ನನ್ನ ಲೆಕ್ಕದಲ್ಲಿ ಜಾಸ್ತಿ ಜನರಿಗೆ ತಟ್ಟಿದ್ದು ದಿನಗಳ ಕಡಿತ. ಹಾಗಾಗಿ ಈ ಬರಹದಲ್ಲಿ ಅದನ್ನೇ ಹಿಡಿದು ಹೋಗುತ್ತೇನೆ.

ಮುಂಚಿತ ಮತದಾನ ಅಲ್ಲಿ ಯಾಕೆ ಅಷ್ಟು ಮುಖ್ಯ

ನಮ್ಮಲ್ಲಿ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು ಕಾನೂನೇ ಇದೆ. ಮತಗಟ್ಟೆ ಮನೆಯಿಂದ ಎರಡು ಕಿಲೋಮೀಟರ್ ಒಳಗೇ ಇರಬೇಕು ಅನ್ನೋದು ಚುನಾವಣಾ ಆಯೋಗದ ಕ್ರಮ. ಅಮೆರಿಕದಲ್ಲಿ ಚುನಾವಣೆ ನವೆಂಬರ್‌ನ ಒಂದು ಮಂಗಳವಾರ. ಅಧ್ಯಕ್ಷೀಯ ಚುನಾವಣೆಯ ದಿನವನ್ನು ಹೀಗೆ ಗೊತ್ತು ಮಾಡಿದ್ದು 1845ರ ಕಾಯ್ದೆ. ದೇಶಕ್ಕೆಲ್ಲ ಅನ್ವಯಿಸುವ ರಜೆ ಅವತ್ತು ಇಲ್ಲ. ಗಂಟೆ ಲೆಕ್ಕದಲ್ಲಿ ಕೂಲಿ ಪಡೆಯುವ ಅಡುಗೆ ಸಹಾಯಕಿ, ಗೋದಾಮಿನ ಕೆಲಸಗಾರ, ಮನೆಯಲ್ಲಿ ಪುಟ್ಟ ಮಕ್ಕಳಿರುವ ಒಂಟಿ ತಾಯಿ, ಕಾರಿಲ್ಲದ ಮುದುಕರು, ಇವರಿಗೆಲ್ಲ ಮಂಗಳವಾರ ಕಷ್ಟ. ಅದಕ್ಕೇ ನಾರ್ತ್ ಕೆರೊಲಿನಾ 1999ರಲ್ಲಿ ಯಾವ ಕಾರಣವನ್ನೂ ಕೇಳದೆ ಮುಂಚಿತವಾಗಿ ಮತ ಹಾಕಲು ಬಿಡುವ ಕಾಯ್ದೆ ಮಾಡಿತು. 2007ರಲ್ಲಿ ಮುಂಚಿತ ಮತದಾನದ ದಿನಗಳಲ್ಲೇ ನೋಂದಣಿಗೂ ಅವಕಾಶ ಕೊಟ್ಟಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಸಾಮಾನ್ಯ ನೋಂದಣಿ ಚುನಾವಣೆಗೆ 25 ದಿನ ಮೊದಲೇ ಮುಗಿಯುತ್ತದೆ. ಬಾಡಿಗೆ ಮನೆ ಬದಲಿಸಿ ಬೇರೆ ಕೌಂಟಿಗೆ ಹೋಗಿ, ಅಷ್ಟರೊಳಗೆ ಹೆಸರು ಬರೆಸದೆ ಇದ್ದವರಿಗೆ ಉಳಿಯುವ ದಾರಿ ಮುಂಚಿತ ಮತದಾನದ ಕೇಂದ್ರವೇ.

17 ದಿನದಲ್ಲಿ ಎರಡು ಭಾನುವಾರ ಬರುತ್ತವೆ. ಕಪ್ಪು ಸಮುದಾಯದ ಚರ್ಚುಗಳು ಈ ಭಾನುವಾರಗಳನ್ನು ಚೆನ್ನಾಗಿ ಬಳಸಿಕೊಂಡವು. ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಬಸ್ಸು, ವ್ಯಾನುಗಳಲ್ಲಿ ಎಲ್ಲರೂ ಒಟ್ಟಿಗೆ ಮತಗಟ್ಟೆಗೆ ಹೋಗುವುದು ರೂಢಿಯಾಯಿತು. ಅಜ್ಜಿಯ ಜೊತೆ ಮೊಮ್ಮಗಳೂ ಹೋಗುತ್ತಿದ್ದಳು. 2008ರಲ್ಲಿ ಬರಾಕ್ ಒಬಾಮಾ ಈ ರಾಜ್ಯವನ್ನು ಗೆದ್ದಿದ್ದು ಸುಮಾರು 14 ಸಾವಿರ ಮತಗಳಿಂದ. ಆ ವರ್ಷ ಕಪ್ಪು ಮತದಾರರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಮುಂಚಿತವಾಗಿ ಮತ ಹಾಕಿದ್ದರು, 2012ರಲ್ಲಿ ಶೇ 64. ಬಿಳಿಯರಲ್ಲಿ ಎರಡೂ ಸಲ ಅರ್ಧಕ್ಕಿಂತ ಕಡಿಮೆ. 2012ರಲ್ಲಿ ಮೊದಲ ಏಳು ದಿನಗಳಲ್ಲೇ ಸುಮಾರು 9 ಲಕ್ಷ ಜನ ಬಂದು ಹೋಗಿದ್ದರು. ಹೊಸ ಕಾಯ್ದೆ ತೆಗೆದುಹಾಕಿದ್ದು ಇದೇ ಮೊದಲ ಏಳು ದಿನಗಳನ್ನು.

ಇದರ ನಡುವೆ ರಾಜಕೀಯವೂ ಬದಲಾಗಿತ್ತು. 2010ರಲ್ಲಿ ರಿಪಬ್ಲಿಕನ್ನರು ರಾಜ್ಯದ ಎರಡೂ ಮನೆ ಗೆದ್ದರು, 2012ರಲ್ಲಿ ಗವರ್ನರ್ ಹುದ್ದೆಯನ್ನೂ ಗೆದ್ದರು. ಕಪ್ಪು ಮತದಾರರಲ್ಲಿ ಬಹುಪಾಲು ಜನ ಡೆಮಾಕ್ರಾಟ್ ಪಕ್ಷಕ್ಕೆ ಮತ ಹಾಕುವವರು. ಹಾಗಾಗಿ ಅಲ್ಲಿ ಪಕ್ಷದ ಲೆಕ್ಕವನ್ನೂ ಬಣ್ಣದ ಲೆಕ್ಕವನ್ನೂ ಬೇರೆ ಬೇರೆ ಮಾಡುವುದು ಬಹಳ ಕಷ್ಟ. ನಮ್ಮ ಉದ್ದೇಶ ಜನಾಂಗಭೇದ ಅಲ್ಲ ಎಂದು ಕಾಯ್ದೆ ಮಾಡಿದವರು ಕೊನೆಯವರೆಗೂ ಹೇಳಿದರು.

ರಾಜ್ಯದ ವಾದವನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇರಲಿಲ್ಲ. ಒಂದು ಕೌಂಟಿಯಲ್ಲಿ ಭಾನುವಾರ ಮತದಾನ ಇದೆ, ಪಕ್ಕದ ಕೌಂಟಿಯಲ್ಲಿ ಇಲ್ಲ, ಎಲ್ಲ ಕಡೆ ಒಂದೇ ರೀತಿ ಇರಲಿ ಎಂದರು. 10 ದಿನ ಇದ್ದರೂ ಒಟ್ಟು ಗಂಟೆಗಳು ಕಡಿಮೆ ಆಗುವುದಿಲ್ಲ ಎಂದರು. ಇದು ನಿಜ. ಡೆಮಾಕ್ರಾಟ್ ಸೆನೆಟರ್ ಜಾಶ್ ಸ್ಟೈನ್ ತಂದ ತಿದ್ದುಪಡಿಯಿಂದ, ಹಿಂದಿನ ಚುನಾವಣೆಯಷ್ಟೇ ಗಂಟೆಗಳನ್ನು ಕೌಂಟಿಗಳು ಕೊಡಲೇಬೇಕು ಎಂಬ ಷರತ್ತು ಕಾಯ್ದೆಗೆ ಸೇರಿತ್ತು. ನ್ಯೂಯಾರ್ಕ್‌ನಂಥ ರಾಜ್ಯದಲ್ಲಿ ಮುಂಚಿತ ಮತದಾನವೇ ಇಲ್ಲವಲ್ಲ, 10 ದಿನ ಕೊಡುವ ನಾವು ಹೇಗೆ ತಪ್ಪಿತಸ್ಥರು ಎಂಬ ಪ್ರಶ್ನೆಯೂ ಇತ್ತು. ಇದೂ ನಿಜ. ಡೆಮಾಕ್ರಾಟರ ಕೋಟೆಯಾದ ನ್ಯೂಯಾರ್ಕ್ ಮುಂಚಿತ ಮತದಾನ ಶುರು ಮಾಡಿದ್ದು 2019ರಲ್ಲಿ, ಕನೆಕ್ಟಿಕಟ್ 2024ರಲ್ಲಿ. ಮತದಾರರ ಅನುಕೂಲದ ಬಗ್ಗೆ ಮಾತಾಡುವ ಪಕ್ಷ ತನ್ನದೇ ರಾಜ್ಯಗಳಲ್ಲಿ ಇಷ್ಟು ತಡ ಮಾಡಿದ್ದನ್ನು ನಾನು ಸಮರ್ಥಿಸಲಾರೆ.

ಕೋರ್ಟ್ ನೋಡಿದ್ದು ಘಟನೆಗಳ ಕ್ರಮವನ್ನು

ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಸಂಘಟನೆ ಎನ್‌ಎಎಸಿಪಿಯ ರಾಜ್ಯ ಘಟಕ ಮೊಕದ್ದಮೆ ಹೂಡಿತು. ಆಗ ಅದರ ಅಧ್ಯಕ್ಷರು ಪಾದ್ರಿ ವಿಲಿಯಂ ಬಾರ್ಬರ್. ಪ್ರತಿ ಸೋಮವಾರ ರಾಜಧಾನಿ ರಾಲಿಯ ಶಾಸನಸಭೆಯ ಮುಂದೆ ಜನ ಸೇರಿಸುತ್ತಿದ್ದ ‘ಮಾರಲ್ ಮಂಡೇ’ ಚಳವಳಿಯ ಮುಂದಾಳು. ಅಮೆರಿಕದ ನ್ಯಾಯ ಇಲಾಖೆಯೂ ದಾವೆ ಹೂಡಿತು.

ಅರ್ಜಿದಾರರಲ್ಲಿ ಒಬ್ಬರು ರೋಸನೆಲ್ ಈಟನ್. 1921ರಲ್ಲಿ ಹುಟ್ಟಿದವರು. 1940ರ ದಶಕದಲ್ಲಿ, ಹರೆಯದ ಹುಡುಗಿಯಾಗಿದ್ದಾಗ, ಹೇಸರಗತ್ತೆಯ ಗಾಡಿಯಲ್ಲಿ ಫ್ರಾಂಕ್ಲಿನ್ ಕೌಂಟಿಯ ಕೋರ್ಟ್ ಕಟ್ಟಡಕ್ಕೆ ಹೋಗಿ ಮತದಾರರಾಗಿ ಹೆಸರು ಬರೆಸಲು ಕೇಳಿದ್ದರು. ಅಲ್ಲಿದ್ದ ಮೂವರು ಬಿಳಿ ಅಧಿಕಾರಿಗಳು ಸಂವಿಧಾನದ ಪೀಠಿಕೆಯನ್ನು ಬಾಯಿಪಾಠ ಒಪ್ಪಿಸು ಎಂದರು. ಆಕೆ ತಪ್ಪಿಲ್ಲದೆ ಒಪ್ಪಿಸಿದರು. ಹೆಸರು ಬರೆದುಕೊಳ್ಳದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಅದೇ ಈಟನ್ ತೊಂಬತ್ತು ದಾಟಿದ ಮೇಲೆ, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಒಂದು ಹೆಸರು, ಮತದಾರರ ಚೀಟಿಯಲ್ಲಿ ನಡುವೆ ಇನ್ನೊಂದು ಹೆಸರು ಇದೆ ಎಂಬ ಕಾರಣಕ್ಕೆ ಕಚೇರಿಯಿಂದ ಕಚೇರಿಗೆ ಹತ್ತಕ್ಕೂ ಹೆಚ್ಚು ಸಲ ಅಲೆಯಬೇಕಾಯಿತು. ಒಟ್ಟು 200 ಮೈಲಿಗೂ ಹೆಚ್ಚು ಓಡಾಟ. 2015ರಲ್ಲಿ ಅಧ್ಯಕ್ಷ ಒಬಾಮಾ ಪತ್ರಿಕೆಗೆ ಬರೆದ ಪತ್ರದಲ್ಲಿ, ಇಂಥವರು ಸಮಾನತೆಗಾಗಿ ಪಟ್ಟು ಹಿಡಿದಿದ್ದರಿಂದಲೇ ನಾನು ಈ ಜಾಗದಲ್ಲಿದ್ದೇನೆ ಎಂದರು. ಆಧಾರ್‌ನಲ್ಲಿ ಒಂದು ಇನಿಷಿಯಲ್, ಪಾನ್‌ನಲ್ಲಿ ಇನ್ನೊಂದು ಇದ್ದು ಒದ್ದಾಡಿದ ನಮ್ಮ ಜನರಿಗೆ ಈ ಅಲೆದಾಟವನ್ನು ವಿವರಿಸಿ ಹೇಳಬೇಕಿಲ್ಲ ಅಲ್ವಾ.

ವಿಚಾರಣಾ ನ್ಯಾಯಾಧೀಶ ಥಾಮಸ್ ಶ್ರೋಡರ್ 2016ರ ಏಪ್ರಿಲ್‌ನಲ್ಲಿ 485 ಪುಟಗಳ ತೀರ್ಪು ಬರೆದು ಕಾಯ್ದೆಯನ್ನು ಎತ್ತಿಹಿಡಿದರು. 2014ರಲ್ಲಿ, 10 ದಿನದ ನಿಯಮ ಇದ್ದಾಗಲೂ, ಕಪ್ಪು ಮತದಾರರ ಮತದಾನ 2010ಕ್ಕಿಂತ ಏರಿತ್ತು ಅನ್ನೋದು ಅವರಿಗೆ ಮುಖ್ಯವಾಗಿ ಕಂಡಿತು. ಜುಲೈ 29ರಂದು ನಾಲ್ಕನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯದ ಮೂವರು ನ್ಯಾಯಾಧೀಶರು ಆ ತೀರ್ಪನ್ನು ತಿರುಗಿಸಿದರು. ಕಾಯ್ದೆ ಕಪ್ಪು ಜನರನ್ನು ಶಸ್ತ್ರಚಿಕಿತ್ಸೆಯಷ್ಟು ಕರಾರುವಾಕ್ಕಾಗಿ ಗುರಿ ಮಾಡಿದೆ ಎಂಬ ಮಾತು ಆ ತೀರ್ಪಿನದು. ಅದು ಎಲ್ಲ ಕಡೆ ಉಲ್ಲೇಖವಾಯಿತು.

ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಅಲ್ಲಿಗೆ ತಲುಪಿದ ದಾರಿ. ಮೂರು ನಿಯಮ ತೆಗೆದರು, ಎರಡು ಉಳಿಸಿದರು ಎಂದು ಅವರು ಎಣಿಸುತ್ತ ಕೂರಲಿಲ್ಲ. ಯಾವುದರ ನಂತರ ಯಾವುದು ನಡೆಯಿತು ಅಂತ ನೋಡಿದರು. ಮೊದಲು ಶಾಸಕರು ಯಾವ ಬಣ್ಣದ ಜನ ಯಾವ ಸೌಲಭ್ಯವನ್ನು ಎಷ್ಟು ಬಳಸುತ್ತಾರೆ ಎಂಬ ಅಂಕಿಅಂಶ ತರಿಸಿಕೊಂಡರು. ಅಂಕಿಅಂಶ ಕೈಗೆ ಬಂತು. ಶೆಲ್ಬಿ ತೀರ್ಪಿನಿಂದ ಕಟ್ಟು ಬಿಚ್ಚಿತು. ಆಮೇಲೆ ಹೊರಬಂದ ಕಾಯ್ದೆಯಲ್ಲಿ, ಕಪ್ಪು ಜನ ಹೆಚ್ಚು ಬಳಸುವ ಐದು ಸೌಲಭ್ಯಗಳಿಗೂ ಕತ್ತರಿ ಬಿದ್ದಿತ್ತು. ನ್ಯೂಯಾರ್ಕ್‌ನಲ್ಲಿ ಇಲ್ಲವಲ್ಲ ಅನ್ನೋ ವಾದಕ್ಕೆ ಉತ್ತರ ಇಲ್ಲಿದೆ. ಇಲ್ಲದ ಸೌಲಭ್ಯವನ್ನು ಕೊಡದಿರುವುದು ಒಂದು ವಿಷಯ. ಯಾರು ಬಳಸುತ್ತಿದ್ದಾರೆ ಎಂದು ನೋಡಿಕೊಂಡು, ನೋಡಿದ ಮೇಲೆ ಕಿತ್ತುಕೊಳ್ಳುವುದು ಪೂರ್ತಿ ಬೇರೆ ವಿಷಯ.

ಭಾನುವಾರದ ವಿಚಾರದಲ್ಲಂತೂ ರಾಜ್ಯ ತಾನೇ ಬಾಯಿಬಿಟ್ಟಿತ್ತು. ಎಲ್ಲ ಕಡೆ ಒಂದೇ ರೀತಿ ಇರಬೇಕು ಎಂದು ಸಮರ್ಥಿಸುವಾಗ, 2014ರಲ್ಲಿ ಭಾನುವಾರ ಮತದಾನ ಇದ್ದ ಕೌಂಟಿಗಳು ಹೆಚ್ಚಾಗಿ ಕಪ್ಪು ಜನರವು, ಹೆಚ್ಚಾಗಿ ಡೆಮಾಕ್ರಾಟರವು ಎಂದು ಸ್ಪಷ್ಟವಾಗಿ ಹೇಳಿತ್ತು. ಈ ಕಾಲದಲ್ಲಿ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ ಎಂದು ನ್ಯಾಯಾಲಯ ಬರೆಯಿತು. ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಿತು. ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡು ಒಂದು ಸ್ಥಾನ ಖಾಲಿ ಇದ್ದ ಕಾಲ ಅದು. ಆಗಸ್ಟ್ 31ರಂದು 4–4 ಆಗಿ ತಡೆ ಸಿಗಲಿಲ್ಲ. 2017ರ ಮೇ 15ರಂದು ಮೇಲ್ಮನವಿಯನ್ನೂ ವಿಚಾರಣೆಗೆ ತೆಗೆದುಕೊಳ್ಳಲಿಲ್ಲ.

ದಿನ ವಾಪಸ್ ಬಂತು, ಗಂಟೆ ಬರಲಿಲ್ಲ

ಸಾಮಾನ್ಯವಾಗಿ ಈ ಪ್ರಕರಣದ ಕಥೆಯನ್ನು ಇಲ್ಲಿಗೆ ಮುಗಿಸಿಬಿಡುತ್ತಾರೆ. ನಿಜವಾಗಿ ಕಲಿಯಬೇಕಾದದ್ದು ಇರುವುದು 2016ರ ಜುಲೈ ತೀರ್ಪಿನ ನಂತರದ ಆರು ವಾರಗಳಲ್ಲಿ.

ತೀರ್ಪಿನಿಂದ 17 ದಿನ ವಾಪಸ್ ಬಂತು. ಅದರ ಜೊತೆಗೆ ಸ್ಟೈನ್ ಸೇರಿಸಿದ್ದ ಗಂಟೆಗಳ ಷರತ್ತೂ ಬಿದ್ದುಹೋಯಿತು, ಯಾಕಂದ್ರೆ ಅದು ಇದ್ದದ್ದು ರದ್ದಾದ ಭಾಗದಲ್ಲೇ. ಉಳಿದ ಹಳೆಯ ಕಾನೂನಿನ ಪ್ರಕಾರ ಪ್ರತಿ ಕೌಂಟಿ ಕನಿಷ್ಠ ಕೊಡಬೇಕಾದದ್ದು ಬಹಳ ಕಡಿಮೆ: ಚುನಾವಣಾ ಕಚೇರಿ ಒಂದರಲ್ಲಿ, ಕೆಲಸದ ದಿನಗಳಲ್ಲಿ, ಕಚೇರಿ ಸಮಯದಲ್ಲಿ ಮತದಾನ, ಕೊನೆಯ ಶನಿವಾರ ಮಧ್ಯಾಹ್ನದವರೆಗೆ. ಅದಕ್ಕಿಂತ ಹೆಚ್ಚು ಕೇಂದ್ರ, ಸಂಜೆ, ಭಾನುವಾರ ಎಲ್ಲ ಕೌಂಟಿ ಚುನಾವಣಾ ಮಂಡಳಿಯ ಇಷ್ಟ. ಆಗ ಮಂಡಳಿಯಲ್ಲಿ ಮೂವರು. ಇಬ್ಬರು ಗವರ್ನರ್ ಪಕ್ಷದವರು, ಒಬ್ಬರು ಎದುರು ಪಕ್ಷದವರು. ಗವರ್ನರ್ ರಿಪಬ್ಲಿಕನ್ ಆಗಿದ್ದರಿಂದ 100 ಕೌಂಟಿಗಳಲ್ಲೂ 2–1. ನಮ್ಮಲ್ಲಿ ಮತಗಟ್ಟೆ ಎಲ್ಲಿ, ಎಷ್ಟು ಹೊತ್ತು ಎಂಬುದನ್ನು ಪಕ್ಷಗಳು ಕೂತು ಓಟು ಹಾಕಿ ನಿರ್ಧರಿಸುವುದಿಲ್ಲ. ಹಾಗಾಗಿ ಈ ವ್ಯವಸ್ಥೆಯನ್ನು ನಾವು ಕಣ್ಣಾರೆ ಕಲ್ಪಿಸಿಕೊಳ್ಳುವುದು ಕಷ್ಟ.

ಆಗಸ್ಟ್‌ನಲ್ಲಿ ರಾಜ್ಯದ ರಿಪಬ್ಲಿಕನ್ ಪಕ್ಷದ ಕಾರ್ಯನಿರ್ವಾಹಕ ನಿರ್ದೇಶಕ ಡಲಾಸ್ ವುಡ್‌ಹೌಸ್ ತಮ್ಮ ಪಕ್ಷದ ಮಂಡಳಿ ಸದಸ್ಯರಿಗೆ ಇಮೇಲ್ ಬರೆದರು. ಪಕ್ಷದ ನಿಲುವಿಗೆ ತಕ್ಕಂತೆ ಮುಂಚಿತ ಮತದಾನದ ವೇಳಾಪಟ್ಟಿ ಬದಲಿಸಿ, ಭಾನುವಾರವನ್ನು ವಿರೋಧಿಸಿ, ಕಾಲೇಜು ಆವರಣದ ಕೇಂದ್ರಗಳನ್ನು ಬೇಡ ಎನ್ನಿ ಎಂಬುದು ಅದರ ಸಾರ. ಪತ್ರಿಕೆಗಳಿಗೆ ಅದು ಸಿಕ್ಕಿತು. ಕೆಲವು ಸದಸ್ಯರು ಹಾಗೇ ಮಾಡಿದರು. ಕೆಲವು ರಿಪಬ್ಲಿಕನ್ ಸದಸ್ಯರು ಒಪ್ಪದೆ ಡೆಮಾಕ್ರಾಟ್ ಸದಸ್ಯರ ಜೊತೆ ಸೇರಿ ಸರ್ವಾನುಮತದ ಯೋಜನೆ ಮಾಡಿದರು. ಅವರ ಹೆಸರು ಯಾವ ಸುದ್ದಿಯಲ್ಲೂ ದೊಡ್ಡದಾಗಿ ಬರಲಿಲ್ಲ, ಬರಬೇಕಿತ್ತು.

ಗಿಲ್ಫರ್ಡ್ ಕೌಂಟಿಯನ್ನೇ ನೋಡಿ. ಅದರ ಮುಖ್ಯ ಊರು ಗ್ರೀನ್ಸ್‌ಬರೊ. 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ವೂಲ್‌ವರ್ತ್ ಅಂಗಡಿಯ ಊಟದ ಕೌಂಟರ್‌ನಲ್ಲಿ ಕೂತು ಏಳಲು ಒಪ್ಪದೆ ಇದ್ದದ್ದು ಇದೇ ಊರಿನಲ್ಲಿ. ಅವರು ಓದುತ್ತಿದ್ದ ಎ ಅಂಡ್ ಟಿ ವಿಶ್ವವಿದ್ಯಾಲಯ ಇಂದಿಗೂ ಅಲ್ಲೇ ಇದೆ. 2012ರಲ್ಲಿ ಈ ಕೌಂಟಿಯಲ್ಲಿ ಮೊದಲ ವಾರವೇ 16 ಕೇಂದ್ರ ತೆರೆದಿದ್ದವು. 2016ರಲ್ಲಿ ಮೊದಲ ವಾರಕ್ಕೆ ಒಂದೇ ಒಂದು. ಕಾಗದದ ಮೇಲೆ 17 ದಿನ ಹಾಗೇ ಇದೆ. ಊರಿಗೆ ದಿನಾ ಬಸ್ ಇದೆ ಎಂದು ಹೇಳಿ, ಐದು ಲಕ್ಷ ಜನಕ್ಕೆ ಒಂದೇ ಬಸ್ ಬಿಟ್ಟ ಹಾಗೆ. ಸಾಲು ಉದ್ದವಾಯಿತು, ಮೊದಲ ವಾರದ ಮತದಾನ ಹಿಂದಿನ ಸಲದ ಒಂದು ಸಣ್ಣ ಭಾಗಕ್ಕೆ ಇಳಿಯಿತು. ಎರಡನೇ ವಾರ ಉಳಿದ ಕೇಂದ್ರಗಳು ತೆರೆದ ಮೇಲೆ ಅಂಕಿ ಏರಿತು.

ಕಾಲೇಜು ಕೇಂದ್ರಗಳ ಜಗಳ ಇದಕ್ಕೂ ಹಳೆಯದು. ವಟಾಗಾ ಕೌಂಟಿಯ ಬೂನ್ ಊರಿನಲ್ಲಿ ಆಪಲಾಚಿಯನ್ ಸ್ಟೇಟ್ ವಿಶ್ವವಿದ್ಯಾಲಯ ಇದೆ. 2014ರಲ್ಲಿ ಅಲ್ಲಿನ ಮಂಡಳಿ ಆವರಣದ ಕೇಂದ್ರವನ್ನು ಕೈಬಿಟ್ಟಿತು. ನ್ಯಾಯಾಧೀಶ ಡೊನಾಲ್ಡ್ ಸ್ಟೀಫನ್ಸ್, ವಿದ್ಯಾರ್ಥಿಗಳು ಮತ ಹಾಕದ ಹಾಗೆ ಮಾಡುವುದೇ ಇದರ ಏಕೈಕ ಉದ್ದೇಶ, ಇದು ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿ ಕೇಂದ್ರ ತೆರೆಸಿದರು.

2016ರ ಸೆಪ್ಟೆಂಬರ್ 8ರಂದು ರಾಜ್ಯ ಚುನಾವಣಾ ಮಂಡಳಿ ರಾಲಿಯಲ್ಲಿ ಕೂತು, ಸರ್ವಾನುಮತ ಬಾರದ 33 ಕೌಂಟಿಗಳ ಯೋಜನೆಗಳನ್ನು ಒಂದೊಂದಾಗಿ ತೀರ್ಮಾನಿಸಿತು. ಕೆಲವು ಕಡೆ ಗಂಟೆ ಹೆಚ್ಚಿತು, ಕೆಲವು ಕಡೆ ಇಲ್ಲ. ಚುನಾವಣೆಗೆ ಕೆಲವೇ ದಿನ ಇರುವಾಗ ರಾಜ್ಯದ ರಿಪಬ್ಲಿಕನ್ ಪಕ್ಷ ಒಂದು ಪ್ರಕಟಣೆ ಹೊರಡಿಸಿತು: ಕಪ್ಪು ಜನರ ಮುಂಚಿತ ಮತದಾನ 2012ಕ್ಕಿಂತ ಶೇ 8.5 ಇಳಿದಿದೆ, ಬಿಳಿಯರದ್ದು ಶೇ 22.5 ಏರಿದೆ. ಇದನ್ನು ಉತ್ಸಾಹದ ಸುದ್ದಿಯಾಗಿ ಹಂಚಿಕೊಂಡರು. ಓದಿದಾಗ ನನಗೆ ಬೇಸರಕ್ಕಿಂತ ಜಾಸ್ತಿ ಸಿಟ್ಟು ಬಂತು. ಒಂದು ಸಮುದಾಯ ಮತಗಟ್ಟೆಗೆ ಕಡಿಮೆ ಬಂದಿದೆ ಅನ್ನೋದು ಯಾವ ಪಕ್ಷಕ್ಕೂ ಹೆಮ್ಮೆಯ ಮಾತಾಗಬಾರದು.

ಎಲ್ಲ ಇಳಿಕೆಗೂ ಕೇಂದ್ರಗಳ ಕಡಿತವೇ ಕಾರಣ ಎಂದು ಮಾತ್ರ ಹೇಳಲಾಗದು. ಒಬಾಮಾ ಆ ಸಲ ಕಣದಲ್ಲಿ ಇರಲಿಲ್ಲ. ಅದೇ ಚುನಾವಣೆಯಲ್ಲಿ ಟ್ರಂಪ್ ರಾಜ್ಯ ಗೆದ್ದರು, ಕಾಯ್ದೆಗೆ ಸಹಿ ಹಾಕಿದ್ದ ಮೆಕ್ರೋರಿ ಸುಮಾರು 10 ಸಾವಿರ ಮತಗಳಿಂದ ಡೆಮಾಕ್ರಾಟ್ ರಾಯ್ ಕೂಪರ್‌ಗೆ ಸೋತರು.

2018ರಲ್ಲಿ ಶಾಸನಸಭೆ ಮತ್ತೆ ಕೈಹಾಕಿತು. ಎಲ್ಲ ಕೇಂದ್ರಗಳೂ ವಾರದ ದಿನಗಳಲ್ಲಿ ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ತೆರೆದೇ ಇರಬೇಕು ಎಂಬ ಕಾಯ್ದೆ ಬಂತು. ಕೇಳಲು ಮತದಾರರಿಗೆ ಒಳ್ಳೆಯದೇ. ಆದರೆ ಸಣ್ಣ ಕೌಂಟಿಗೆ ಅಷ್ಟು ಹೊತ್ತಿಗೆ ಸಿಬ್ಬಂದಿ ಎಲ್ಲಿಂದ ಬರಬೇಕು? ಹಲವು ಕೌಂಟಿಗಳು ಕೆಲವು ಕೇಂದ್ರಗಳನ್ನು ಮುಚ್ಚಿದವು. 2014ಕ್ಕೆ ಹೋಲಿಸಿದರೆ ರಾಜ್ಯದಲ್ಲಿ ಸುಮಾರು ಐದರಲ್ಲಿ ಒಂದು ಭಾಗ ಕೇಂದ್ರಗಳು ಕಡಿಮೆಯಾದವು.

ಈಗ ಯಾರ ಲೆಕ್ಕ ಸರಿ?

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ರಾಜ್ಯದ ಪಶ್ಚಿಮ ಬೆಟ್ಟಸೀಮೆಯನ್ನು ಕೊಚ್ಚಿಹಾಕಿತು. ಆಗ ಎರಡೂ ಪಕ್ಷಗಳು ಒಟ್ಟಾದವು. ಹಾನಿಯಾದ 25 ಕೌಂಟಿಗಳಿಗೆ ಕೇಂದ್ರ, ಸಮಯ ಬದಲಿಸಿಕೊಳ್ಳಲು ಅವಕಾಶ ಕೊಟ್ಟರು. ಅಲ್ಲಿ ಮೊದಲು ಯೋಜಿಸಿದ್ದ 80 ಕೇಂದ್ರಗಳಲ್ಲಿ 76 ಮೊದಲ ದಿನವೇ ತೆರೆದವು. ಅವತ್ತು ರಾಜ್ಯದಲ್ಲಿ 3,53,166 ಜನ ಮತ ಹಾಕಿದರು, ದಾಖಲೆ. ಕೊನೆಗೆ 42 ಲಕ್ಷಕ್ಕೂ ಹೆಚ್ಚು ಜನ ಮುಂಚಿತವಾಗಿ ಬಂದರು. ಆ ಸಲ ರಿಪಬ್ಲಿಕನ್ ಪಕ್ಷವೂ ತನ್ನವರಿಗೆ ಮುಂಚಿತವಾಗಿ ಮತ ಹಾಕಿ ಎಂದು ಒತ್ತಿ ಹೇಳಿತ್ತು. ಬಂದವರಲ್ಲಿ ಆ ಪಕ್ಷದ ನೋಂದಾಯಿತ ಮತದಾರರೇ ಸ್ವಲ್ಪ ಹೆಚ್ಚು. 2013ರಲ್ಲಿ ಮುಂಚಿತ ಮತದಾನ ಅಂದರೆ ಎದುರು ಪಕ್ಷದ ಸೊತ್ತು ಎಂದು ಲೆಕ್ಕ ಹಾಕಿದವರ ಅಂದಾಜು ಹತ್ತೇ ವರ್ಷದಲ್ಲಿ ತಲೆಕೆಳಗಾಯಿತು. ಮನೆಗೆ ಹತ್ತಿರ, ಬಿಡುವಿನ ಹೊತ್ತಿಗೆ ಮತ ಹಾಕುವುದು ಎಲ್ಲರಿಗೂ ಬೇಕಾಗುತ್ತದೆ.

ಜಗಳ ಈಗ ಮಂಡಳಿಯ ನೇಮಕಕ್ಕೆ ಬಂದು ನಿಂತಿದೆ. 2024ರ ಡಿಸೆಂಬರ್‌ನಲ್ಲಿ ಶಾಸನಸಭೆ, ಗವರ್ನರ್ ಕೂಪರ್ ಅವರ ವಿಟೊವನ್ನು ಮೀರಿ, ಚುನಾವಣಾ ಮಂಡಳಿ ನೇಮಿಸುವ ಅಧಿಕಾರವನ್ನು ರಾಜ್ಯದ ಆಡಿಟರ್‌ಗೆ (ಸರ್ಕಾರದ ಲೆಕ್ಕ ತಪಾಸಣೆ ಮಾಡುವ, ಅಲ್ಲಿ ಜನರೇ ಆರಿಸುವ ಅಧಿಕಾರಿಗೆ) ಕೊಟ್ಟಿತು. ಆಗ ಗವರ್ನರ್ ಆಗಿ ಗೆದ್ದಿದ್ದವರು ಡೆಮಾಕ್ರಾಟ್ ಜಾಶ್ ಸ್ಟೈನ್, ಹಿಂದೆ ಗಂಟೆಗಳ ಷರತ್ತು ಸೇರಿಸಿದ್ದ ಅದೇ ಸೆನೆಟರ್. ಆಡಿಟರ್ ಆಗಿ ಗೆದ್ದವರು ರಿಪಬ್ಲಿಕನ್ ಡೇವ್ ಬೋಲಿಕ್. 2025ರ ಮೇ ತಿಂಗಳಿಂದ ರಾಜ್ಯ ಮಂಡಳಿಯಲ್ಲಿ ರಿಪಬ್ಲಿಕನ್ ಬಹುಮತ ಇದೆ. ಈಗ ಕೌಂಟಿ ಮಂಡಳಿಗಳಲ್ಲಿ ಐದು ಜನ: ಎರಡು ಪಕ್ಷದಿಂದ ಇಬ್ಬಿಬ್ಬರು, ಅಧ್ಯಕ್ಷರನ್ನು ಆಡಿಟರ್ ನೇಮಿಸುತ್ತಾರೆ.

ಈ ರಾಜ್ಯದ ಕ್ಯಾರಿ, ಮಾರಿಸ್‌ವಿಲ್, ರಾಲಿ ಊರುಗಳ ಸುತ್ತ ಐಟಿ ಕೆಲಸದಲ್ಲಿ ನೆಲೆಸಿ ಅಮೆರಿಕದ ಪೌರತ್ವ ಪಡೆದ ಕನ್ನಡಿಗರು ಸಾಕಷ್ಟು ಜನ ಇದ್ದಾರೆ. ಅಧ್ಯಕ್ಷೀಯ ಚುನಾವಣೆ ಬಂದಾಗ ಟಿವಿ ಚರ್ಚೆ ನೋಡುವವರು ಜಾಸ್ತಿ, ಕೌಂಟಿ ಮಂಡಳಿಯ ಸಭೆಗೆ ಹೋಗುವವರು ಬಹಳ ಕಡಿಮೆ. ಮುಂಚಿತ ಮತದಾನಕ್ಕೆ ಎಷ್ಟು ಕೇಂದ್ರ, ಯಾವ ಭಾನುವಾರ, ಎಷ್ಟು ಗಂಟೆಯವರೆಗೆ ಎಂಬುದು ತೀರ್ಮಾನವಾಗುವುದು ಆ ಸಭೆಯಲ್ಲಿ, ಚುನಾವಣೆಗೆ ತಿಂಗಳುಗಳ ಮೊದಲು. ಸಭೆ ಸಾರ್ವಜನಿಕರಿಗೆ ತೆರೆದಿರುತ್ತದೆ. ಐವರಲ್ಲಿ ಒಬ್ಬರು ಒಪ್ಪದಿದ್ದರೂ ಯೋಜನೆ ರಾಜ್ಯ ಮಂಡಳಿಗೆ ಹೋಗುತ್ತದೆ.